ಎರಡೂ ಕಡೆಯ ರಕ್ತ

ಟೈಲರ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಾ ಅಜ್ಜಿ ಎಂದೇ ಕರೆಯುತ್ತಿದ್ದರು. ಮೂರು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಒಂದು ಉದ್ದ ಮೇಜು, ಗೋಡೆಗೆ ಒರಗಿಸಿದ ಕನ್ನಡಿ, ಕಿಟಕಿಯ ಕೆಳಗೆ ಅಜ್ಜಿಯ ಸ್ಟೂಲು. ಹೊಲಿದು ಮುಗಿದ ಅಂಗಿಗಳೆಲ್ಲ ಕೊನೆಗೆ ಬಂದು ಬೀಳುವುದು ಅವಳ ತೊಡೆಯ ಮೇಲೆ. ಗುಂಡಿ ತೂರುವ ಕಾಜಾ ಹಾಕುವುದು, ಗುಂಡಿ ಹಚ್ಚುವುದು, ಉಳಿದ ನೂಲು ಕತ್ತರಿಸುವುದು ಅವಳ ಕೆಲಸ. ಕಾಜಾ ಹಾಕುವ ಯಂತ್ರ ಬಂದು ವರ್ಷಗಳೇ ಕಳೆದಿದ್ದರೂ ಅಂಗಡಿಯ ಮಾಸ್ಟರ್ ಕೋಟುಗಳನ್ನು ಮಾತ್ರ ಅದಕ್ಕೆ ಕೊಡುತ್ತಿರಲಿಲ್ಲ. "ಯಂತ್ರದ ಕಾಜಾ ವರ್ಷ ತುಂಬೋದ್ರಲ್ಲಿ ಬಾಯಿ ಬಿಡುತ್ತೆ. ಅಜ್ಜಿ ಹಾಕಿದ್ದು ಕೋಟು ಹರಿದ್ರೂ ಬಿಡಲ್ಲ," ಎನ್ನುತ್ತಿದ್ದರು. ಆ ಮಾತು ಅಜ್ಜಿಗೂ ಅನ್ವಯಿಸುತ್ತಿತ್ತು. ಅಂಗಡಿಯಲ್ಲಿ ಯಾರ ಕಷ್ಟಸುಖ ಬಂದರೂ ಕೇಳಿಸಿಕೊಳ್ಳುತ್ತಿದ್ದಳು, ತನ್ನದನ್ನು ಮಾತ್ರ ಯಾರ ಮುಂದೆಯೂ ಬಿಚ್ಚಿದವಳಲ್ಲ.

ಅವಳು ಇದ್ದದ್ದು ಮಗಳು ಅಳಿಯನ ಜೊತೆ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲಿನ ಎರಡು ಕೋಣೆಯ ಮನೆಯಲ್ಲಿ. ಮಗಳು ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬೆಳಗಾಗುವ ಮೊದಲೇ ಹೋಗಿಬಿಡುತ್ತಿದ್ದಳು. ಅಳಿಯ ನೀರಿನ ಪಂಪು ರಿಪೇರಿಯವನು. ಎಲ್ಲಿ ಪಂಪು ಕೆಟ್ಟರೆ ಅಲ್ಲಿ ಅವನು. ಹಾಗಾಗಿ ಒಂಬತ್ತು ವರ್ಷದ ಮೊಮ್ಮಗಳನ್ನು ಎಬ್ಬಿಸಿ, ತಲೆ ಬಾಚಿ, ಸ್ಕೂಲಿಗೆ ಅಟ್ಟುವುದೆಲ್ಲ ಅಜ್ಜಿಯ ಪಾಲಿಗೆ ಬಂದಿತ್ತು.

ಆ ಹುಡುಗಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು. ಎಂಟು ತಿಂಗಳ ಕೂಸಾಗಿದ್ದಾಗ ಒಂದು ದಿನ ಇದ್ದಕ್ಕಿದ್ದ ಹಾಗೆ ಅವಳ ಎರಡೂ ಅಂಗೈ ಊದಿಕೊಂಡವು. ವಾರಗಟ್ಟಲೆ ಒಂದೇ ಸಣ್ಣ ದನಿಯಲ್ಲಿ, ಎಳೆದೂ ಎಳೆದೂ ಅತ್ತಳು. "ಶುರುವಾಯ್ತು ನೋಡಿ ಪಿಟೀಲು," ಎಂದು ಅಳಿಯ ತಮಾಷೆ ಮಾಡಿದ. ಊತ ಇಳಿಯಿತು, ಅಳು ನಿಂತಿತು, ಹೆಸರು ಮಾತ್ರ ಹಾಗೇ ಅಂಟಿಕೊಂಡಿತು.

ಪಿಟೀಲಿನ ಮೇಲೆ ದೂರುಗಳಿಗೆ ಬರವಿರಲಿಲ್ಲ. ಮನೆಯ ಹದಿನಾರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ಕೂರುತ್ತಿದ್ದಳು, ಸೋಮಾರಿ ಎಂದರು. ಒಂಬತ್ತು ತುಂಬಿದರೂ ವಾರಕ್ಕೆ ನಾಲ್ಕು ದಿನ ಹಾಸಿಗೆ ಒದ್ದೆ ಮಾಡುತ್ತಿದ್ದಳು, ನಾಚಿಕೆಯಿಲ್ಲ ಎಂದರು. ಆಟದ ಪೀರಿಯಡ್ ಇರುವ ದಿನವೇ ಕಾಲುನೋವು ಎನ್ನುತ್ತಿದ್ದಳು, ನಾಟಕ ಎಂದರು. ಕಣ್ಣಿನ ಬಿಳಿ ಭಾಗ ಯಾವಾಗಲೂ ಒಂದಿಷ್ಟು ಹಳದಿ. ಬೀದಿ ಕೊನೆಯ ಕ್ಲಿನಿಕ್ಕಿನಲ್ಲಿ ರಕ್ತ ಕಡಿಮೆ ಎಂದು ಕಬ್ಬಿಣದ ಟಾನಿಕ್ ಕೊಡುತ್ತಿದ್ದರು. ಬಾಟಲಿ ಮೇಲೆ ಬಾಟಲಿ ಖಾಲಿಯಾಯಿತೇ ಹೊರತು ಹುಡುಗಿಯ ಮುಖಕ್ಕೆ ಬಣ್ಣ ಬರಲಿಲ್ಲ.

ಅಜ್ಜಿಯೂ ಬೈಯುತ್ತಿದ್ದಳು, ಇಲ್ಲವೆಂದಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಅವಳು ಮೊಮ್ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ತಣ್ಣೀರು ಮುಟ್ಟಲು ಬಿಡುತ್ತಿರಲಿಲ್ಲ. ಬಿರುಬಿಸಿಲಿನ ದಿನಗಳಲ್ಲೂ ಸ್ನಾನಕ್ಕೆ ಬಿಸಿನೀರು. ಮಳೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೂ ಟವೆಲ್ ಹಿಡಿದು ಓಡಿಬರುತ್ತಿದ್ದಳು. ಕಾರಣ ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಮೂವತ್ತೆಂಟು ವರ್ಷದ ಹಿಂದೆ, ಈ ಮಗಳು ಹುಟ್ಟುವ ಮೊದಲು, ಅಜ್ಜಿಗೆ ಒಬ್ಬ ಮಗನಿದ್ದ. ಆರು ವರ್ಷದವನು. ಒಂದು ಸುಡುಬಿಸಿಲಿನ ಮಧ್ಯಾಹ್ನ ಅವಳು ಮಾಳಿಗೆಯಲ್ಲಿ ಬಟ್ಟೆ ಒಣಹಾಕಿ ಕೆಳಗಿಳಿದು ಬಂದಾಗ ಅವನು ಹಿತ್ತಿಲ ಸಿಮೆಂಟ್ ತೊಟ್ಟಿಯಲ್ಲಿ ಕತ್ತಿನವರೆಗೂ ಮುಳುಗಿ ಕೂತಿದ್ದ. ಎಬ್ಬಿಸಬೇಕಿತ್ತು. ಎಷ್ಟೋ ದಿನಗಳ ಮೇಲೆ ಅವನು ಅಷ್ಟು ನಕ್ಕಿದ್ದನ್ನು ಕಂಡು ಅವಳಿಗೆ ಎಬ್ಬಿಸಲು ಮನಸ್ಸು ಬರಲಿಲ್ಲ. ಒಂದು ಗಂಟೆ ಎರಡಾಯಿತು. ತುಟಿ ನೀಲಿಯಾದಾಗ ಎತ್ತಿ ಒರೆಸಿದಳು. ಸಂಜೆ ಕಾಲುನೋವು ಎಂದ. ಮರುದಿನ ಎದೆ ಚುಚ್ಚುತ್ತದೆ ಎಂದ. ಮೂರನೆಯ ದಿನ ಆಸ್ಪತ್ರೆಯ ಓಣಿಯಲ್ಲಿ, ಸ್ಟ್ರೆಚರ್ ಮೇಲೆ, ಸರದಿ ಬರುವ ಮೊದಲೇ ಹೋಗಿಬಿಟ್ಟ.

ಗಂಡ ಮರದ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದ, ಒರಟು ಮನುಷ್ಯನೇನೂ ಅಲ್ಲ. ಆ ದಿನ ಮಾತ್ರ ಅವಳ ಮುಖ ನೋಡದೆ ಅಂದ: "ನೀರಿಗೆ ಬಿಟ್ಟು ಕೊಂದೆ." ಒಂದೇ ಸಲ. ಆಮೇಲೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದರು. ಅವಳು ಕಾಲು ಮುರಿದುಕೊಂಡಾಗ ಮೂರು ತಿಂಗಳು ಅವನೇ ಅಡುಗೆ ಮಾಡಿದ. ಸಿನಿಮಾಕ್ಕೆ ಕರೆದುಕೊಂಡು ಹೋದ. ಹೊಸ ಕನ್ನಡಕ ಕೊಡಿಸಿದ. ಆ ಮಾತನ್ನು ಮತ್ತೆ ಎತ್ತಲಿಲ್ಲ, ವಾಪಸ್ಸೂ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ಹಿಂದೆ ಅವನೂ ತೀರಿಕೊಂಡ.

ಅವನು ಮರೆತರೂ ಅವನ ತಂಗಿ ಮರೆಯಲು ಬಿಡಲಿಲ್ಲ. ನೆಂಟರು ಸೇರಿದ ಕಡೆ ಯಾರಾದರೂ ಮಗುವನ್ನು ಅಜ್ಜಿಯ ಕೈಗೆ ಕೊಟ್ಟರೆ ಸಾಕು, ನಾದಿನಿ ನಗುನಗುತ್ತಲೇ ಅನ್ನುವಳು: "ಹುಷಾರಪ್ಪ, ನಮ್ಮತ್ತಿಗೆ ನೀರಿಗೆ ಬಿಡ್ತಾರೆ." ಉಳಿದವರು ಕೇಳಿಸದವರಂತೆ ತಟ್ಟೆಯತ್ತ ನೋಡುವರು. ಅಜ್ಜಿ ಮಗುವನ್ನು ಅದರ ತಾಯಿಗೆ ಮರಳಿಸಿ ಒಳಗೆ ಹೋಗುವಳು.

*

ಅದು ಗುರುವಾರ. ಮಧ್ಯಾಹ್ನ ಸ್ಕೂಲಿನಿಂದ ಟೈಲರ್ ಅಂಗಡಿಗೆ ಫೋನ್ ಬಂತು. ಅಜ್ಜಿ ಹೋಗುವಷ್ಟರಲ್ಲಿ ಪಿಟೀಲು ಆಫೀಸ್ ಕೋಣೆಯ ಬೆಂಚಿನ ಮೇಲೆ ಮಂಡಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು.

"ಮೈದಾನದಲ್ಲಿ ನಾಲ್ಕು ಸುತ್ತು ಓಡಿಸಿದ್ವಿ ಅಷ್ಟೇ," ಎಂದರು ಟೀಚರು. "ಎಲ್ಲರೂ ಓಡಿದ್ರು. ಆಟ ಅಂದ ತಕ್ಷಣ ಇವಳಿಗೆ ಕಾಲುನೋವು ಬರುತ್ತಲ್ಲ, ಅದೇ ಇದು."

ಪಿಟೀಲು ಅಳುತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಅಜ್ಜಿಗೆ ಭಯವಾದದ್ದು ಅದಕ್ಕೇ.

ಹುಡುಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಮನೆಗೆ ತಂದಳು. ಅರವತ್ತಾರರ ಸೊಂಟ ಅದು. ಕಾಲಿಗೆ ಬಿಸಿಬಟ್ಟೆ ಒತ್ತಿದಳು, ನೋವಿನ ಮಾತ್ರೆ ಕೊಟ್ಟಳು. ಶುಕ್ರವಾರ ಬೆಳಗ್ಗೆ ಹಣೆ ಕೆಂಡದ ಹಾಗೆ ಸುಡುತ್ತಿತ್ತು. "ಉಸಿರು ಎಳೆದ್ರೆ ಇಲ್ಲಿ ಚುಚ್ಚುತ್ತೆ ಅಜ್ಜಿ," ಎಂದು ಪಿಟೀಲು ಪಕ್ಕೆ ಮುಟ್ಟಿ ತೋರಿಸಿದಳು.

ಮೊದಲು ಕಾಲು, ಆಮೇಲೆ ಎದೆ. ಅದೇ ಕ್ರಮ. ಆದರೆ ಈ ಸಲ ತೊಟ್ಟಿ ಎಲ್ಲಿತ್ತು? ನೀರು ಎಲ್ಲಿತ್ತು? ಒಂಬತ್ತು ವರ್ಷ ಒಂದು ಚೊಂಬು ತಣ್ಣೀರನ್ನೂ ಈ ಮೈಗೆ ಸೋಕಿಸಿರಲಿಲ್ಲವಲ್ಲ. ಹೆಚ್ಚು ಯೋಚಿಸುತ್ತಾ ಕೂರಲಿಲ್ಲ, ಅಳಿಯನಿಗೆ ಫೋನ್ ಮಾಡಿ, "ಕೈಯಲ್ಲಿರೋ ಕೆಲಸ ಅಲ್ಲೇ ಬಿಟ್ಟು ಬಾ. ಕ್ಲಿನಿಕ್ ಬೇಡ, ದೊಡ್ಡಾಸ್ಪತ್ರೆ," ಎಂದಳು. ಅತ್ತೆ ಹಾಗೆ ಅಪ್ಪಣೆ ಕೊಟ್ಟದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಆಟೋ ಸಮೇತ ಬಂದ.

ಆಸ್ಪತ್ರೆಯಲ್ಲಿ ಆಮ್ಲಜನಕದ ಮುಖವಾಡ ಹಾಕಿದರು, ಡ್ರಿಪ್ ಏರಿಸಿದರು, ಎದೆಯ ಎಕ್ಸ್‌ರೇ ತೆಗೆದರು. ನೋವಿಗೆ ಸೂಜಿ ಚುಚ್ಚಿದ ಮೇಲೆ ಪಿಟೀಲು ಮಂಡಿ ಚಾಚಿ ಮಲಗಿದಳು. ಮಕ್ಕಳ ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಜಡೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಎಲ್ಲ ಕಡೆ ಹುಡುಕುವಂಥವಳು. ಹುಡುಗಿಯ ಕಣ್ಣರೆಪ್ಪೆ ಎಳೆದು ನೋಡಿ, ಹೊಟ್ಟೆ ಒತ್ತಿ ನೋಡಿ, "ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?" ಎಂದು ಕೇಳಿದಳು.

"ಇಲ್ಲ," ಎಂದಳು ಮಗಳು. ಕಾರ್ಖಾನೆಯಿಂದ ಬಿಳಿ ಟೋಪಿಯಲ್ಲೇ ಓಡಿಬಂದಿದ್ದಳು. ಅವಳು ಕೇಳಿದ್ದಂತೆ ಅಣ್ಣ ಸತ್ತದ್ದು ನೀರಿನಲ್ಲಿ ಆಡಿ ಶೀತವಾಗಿ. ಅದನ್ನು ಇಲ್ಲಿ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅಜ್ಜಿ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

ಆ ಸಂಜೆ ಒಂದು ಬಾಟಲಿ ರಕ್ತ ಕೊಟ್ಟರು. ಎರಡು ದಿನ ಡಾಕ್ಟರು ಯಾರಿಗೂ ಧೈರ್ಯದ ಮಾತು ಹೇಳಲಿಲ್ಲ. ಭಾನುವಾರ ಜ್ವರ ಇಳಿಯಿತು. ಸೋಮವಾರ ಪಿಟೀಲು ಪಕ್ಕದ ಹಾಸಿಗೆಯ ಹುಡುಗನ ಬಿಸ್ಕತ್ತು ಕೇಳಿ ಇಸಿದುಕೊಂಡಳು. ಮಂಗಳವಾರ ರಕ್ತಪರೀಕ್ಷೆಯ ವರದಿ ಬಂತು. ಡಾಕ್ಟರು ಮೂವರನ್ನೂ ತನ್ನ ಕೋಣೆಗೆ ಕರೆದಳು.

ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದಳು. "ರಕ್ತದಲ್ಲಿ ಕೆಂಪು ಕಣ ಅಂತ ಇರ್ತವೆ. ದುಂಡಗೆ, ಮೆತ್ತಗೆ. ನಾಳ ಎಷ್ಟೇ ಸಣ್ಣದಾಗಿದ್ರೂ ಮೈ ಬಗ್ಗಿಸಿ ನುಸುಳ್ತವೆ. ಇವಳ ಕಣದ ಒಳಗಿರೋ ಹಿಮೋಗ್ಲೋಬಿನ್ ಸ್ವಲ್ಪ ಬೇರೆ ಥರ. ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಅದು ಒಳಗೇ ಕಡ್ಡಿ ಕಡ್ಡಿಯಾಗಿ ಕಟ್ಕೊಳ್ಳುತ್ತೆ. ಆಗ ಕಣ ಗಟ್ಟಿಯಾಗಿ ಬಾಗಿ ಕುಡುಗೋಲಿನ ಥರ ಆಗುತ್ತೆ. ಒಂದಕ್ಕೊಂದು ಸಿಕ್ಕಿಕೊಂಡು ನಾಳ ಕಟ್ಟುತ್ತೆ. ಅದರಾಚೆ ರಕ್ತ ಹೋಗಲ್ಲ. ಎಲ್ಲಿ ಹೋಗಲ್ವೋ ಅಲ್ಲಿ ನೋವು."

"ಗುಂಡಿ ಆದ್ರೆ ಕಾಜಾದಲ್ಲಿ ತೂರುತ್ತೆ, ಕುಡುಗೋಲು ಎಲ್ಲಿ ತೂರಬೇಕು," ಎಂದಳು ಅಜ್ಜಿ.

"ಅಷ್ಟೇ ಅಜ್ಜಿ. ನಾನು ಇಷ್ಟುದ್ದ ಹೇಳಿದ್ದನ್ನ ನೀವು ಒಂದೇ ಮಾತಲ್ಲಿ ಮುಗಿಸಿಬಿಟ್ರಿ."

ಮಗಳು ನಗಲಿಲ್ಲ. "ಕಣ್ಣು ಯಾಕೆ ಹಳದಿ?" ಎಂದು ಕೇಳಿದಳು.

"ಒಳ್ಳೇ ಕಣ ನಾಲ್ಕು ತಿಂಗಳು ಬಾಳುತ್ತೆ, ಇವಳದು ಎರಡು ಮೂರು ವಾರಕ್ಕೆ ಒಡೆದುಹೋಗುತ್ತೆ. ಒಡೆದದ್ದರ ಬಣ್ಣ ಕಣ್ಣಿಗೆ ಬರುತ್ತೆ. ಅದಕ್ಕೇ ರಕ್ತ ಕಡಿಮೆ. ಕಬ್ಬಿಣದ ಟಾನಿಕ್ ಎಷ್ಟು ಕುಡಿಸಿದ್ರೂ ಇದಕ್ಕೆ ನಾಟಲ್ಲ."

"ಮೆಟ್ಟಿಲು ಹತ್ತೋಕೆ ಆಗ್ದೇ ಇರೋದು?"

"ಅದೂ ಇದೇ. ಮಕ್ಕಳು ಬೇಕಂತ ಮೆಟ್ಟಿಲ ಮೇಲೆ ಕೂರಲ್ಲ."

ಮಗಳು ದನಿ ತಗ್ಗಿಸಿ ಕೇಳಿದಳು: "ಹಾಸಿಗೆ ಒದ್ದೆ ಮಾಡೋದು?"

"ಮೂತ್ರಪಿಂಡದ ಸಣ್ಣ ನಾಳಗಳೂ ಕಟ್ಟಿ ಕಟ್ಟಿ ಸೋತಿರ್ತವೆ. ನೀರು ಹಿಡಿದಿಟ್ಟುಕೊಳ್ಳೋಕೆ ಅವಕ್ಕೆ ಆಗಲ್ಲ. ಅದು ಅವಳ ಕೈಲಿಲ್ಲ."

ಮಗಳು ಟೋಪಿಯಿಂದ ಮುಖ ಮುಚ್ಚಿಕೊಂಡಳು. ಅಜ್ಜಿಗೆ ಒಂದೊಂದೂ ನೆನಪಾಯಿತು. ಒದ್ದೆ ಚಾದರವನ್ನು ಹುಡುಗಿಯ ತಲೆಯ ಮೇಲೆ ಹೊರಿಸಿ ಮಾಳಿಗೆಗೆ ಕಳಿಸಿದ್ದು, ಸೋಮಾರಿ ಎಂದು ರಟ್ಟೆ ಹಿಡಿದು ಎಳೆದದ್ದು. ಎಂಟು ತಿಂಗಳ ಕೂಸಿನ ಊದಿದ ಅಂಗೈ ಕೂಡ ಇದೇ ರೋಗದ್ದು ಎಂದು ಡಾಕ್ಟರು ಹೇಳಿದಾಗ ಅಳಿಯ ನೆಲ ನೋಡತೊಡಗಿದ.

ಡಾಕ್ಟರು ಮುಂದಿನದನ್ನೂ ಮುಚ್ಚಿಡಲಿಲ್ಲ. ಹೊಟ್ಟೆಯ ಎಡಗಡೆಯಲ್ಲಿದ್ದು ಸೋಂಕುಗಳನ್ನು ತಡೆಯುವ ಗುಲ್ಮ ಎಂಬ ಅಂಗ ಇಂಥ ಮಕ್ಕಳಲ್ಲಿ ಬೇಗ ಸೊರಗಿಹೋಗುತ್ತದೆ, ಆದ್ದರಿಂದ ಯಾವ ಜ್ವರವನ್ನೂ ಮಾಮೂಲಿ ಎಂದುಕೊಳ್ಳಬಾರದು, ಕೂಡಲೇ ಬರಬೇಕು. ಮಿದುಳಿನ ನಾಳ ಕಟ್ಟಿದರೆ ಮಕ್ಕಳಿಗೂ ಲಕ್ವ ಹೊಡೆಯಬಹುದು, ವರ್ಷಕ್ಕೊಮ್ಮೆ ತಲೆಯ ಸ್ಕ್ಯಾನ್ ಮಾಡಿಸಬೇಕು. ದೊಡ್ಡವಳಾಗುತ್ತಾ ಸೊಂಟದ ಕೀಲು, ಕಣ್ಣು ಎರಡನ್ನೂ ನೋಡಿಕೊಳ್ಳಬೇಕು. ದಿನಾ ಒಂದು ಕ್ಯಾಪ್ಸೂಲು ತಪ್ಪಿಸದೆ ನುಂಗಿದರೆ ನೋವು ಮರುಕಳಿಸುವುದು ಕಡಿಮೆಯಾಗುತ್ತದೆ. ನೀರು ಚೆನ್ನಾಗಿ ಕುಡಿಯಬೇಕು, ಬಿಸಿಲಲ್ಲಿ ಬಾಯಾರಿ ಓಡಬಾರದು, ಚಳಿಗೆ ಮೈಯೊಡ್ಡಬಾರದು.

"ಇದು ಎಲ್ಲಿಂದ ಬಂತು?" ಎಂದ ಅಳಿಯ. "ನಮ್ಮ ಕಡೆ ಯಾರಿಗೂ ಇಲ್ಲ ಡಾಕ್ಟ್ರೇ. ನಾನಂತೂ ಒಂದು ದಿನ ಮಾತ್ರೆ ನುಂಗಿದವನಲ್ಲ."

ಮಗಳು ಟೋಪಿ ಕೆಳಗಿಳಿಸಿದಳು. "ಅಂದ್ರೆ ನಾನು ತವರಿಂದ ತಂದಿದ್ದು ಅಂತಾನಾ?"

"ನಾನೆಲ್ಲಿ ಹಾಗಂದೆ?"

"ಇನ್ನು ಹೇಗನ್ನಬೇಕು?"

ಡಾಕ್ಟರು ಪೆನ್ನಿನಿಂದ ಮೇಜು ಕುಟ್ಟಿದಳು. "ಒಬ್ಬರಿಂದ ಮಾತ್ರ ಬಂದಿದ್ರೆ ಇವಳಿಗೆ ರೋಗಾನೇ ಇರ್ತಿರಲಿಲ್ಲ. ಈ ಹಿಮೋಗ್ಲೋಬಿನ್ ಹೇಗಿರಬೇಕು ಅನ್ನೋದಕ್ಕೆ ಪ್ರತಿಯೊಬ್ಬರಿಗೂ ಅಪ್ಪನಿಂದ ಒಂದು ಪಾಲು, ಅಮ್ಮನಿಂದ ಒಂದು ಪಾಲು ಬರುತ್ತೆ. ಒಂದು ಪಾಲು ಕೆಟ್ಟಿದ್ದು ಇನ್ನೊಂದು ಸರಿಯಾಗಿದ್ರೆ ಆ ಮನುಷ್ಯ ಆರಾಮಾಗಿ ಇರ್ತಾನೆ, ತನಗೆ ಇದೆ ಅಂತಾನೂ ಗೊತ್ತಾಗಲ್ಲ. ನಿಮ್ಮಿಬ್ಬರಿಗೂ ಒಂದೊಂದಿದೆ. ಇವಳಿಗೆ ಎರಡೂ ಕೆಟ್ಟದ್ದೇ ಸಿಕ್ಕಿದೆ. ನಾಲ್ಕರಲ್ಲಿ ಒಂದು ಸಲ ಹಾಗಾಗುತ್ತೆ. ಇಬ್ಬರಿಂದಲೂ ಬರಬೇಕು, ಇಬ್ಬರಿಂದಲೂ ಬಂದಿದೆ."

ಇಬ್ಬರಿಂದಲೂ. ಅಜ್ಜಿ ಆ ಮಾತನ್ನು ಒಳಗೇ ಇನ್ನೊಮ್ಮೆ ಅಂದುಕೊಂಡಳು.

"ನೀವಿಬ್ಬರೂ ಮಗು ಹತ್ರ ಹೋಗಿ," ಎಂದು ಅಜ್ಜಿ ಮಗಳು ಅಳಿಯ ಇಬ್ಬರನ್ನೂ ಹೊರಗೆ ಕಳಿಸಿ ತಾನು ಕೂತಲ್ಲೇ ಕೂತಳು. ಡಾಕ್ಟರು ಬೇರೆ ಫೈಲು ಎಳೆದುಕೊಳ್ಳುತ್ತಿದ್ದವಳು ಕೈಬಿಟ್ಟಳು. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ಅಜ್ಜಿ ಇಡೀ ಕತೆ ಹೇಳಿದಳು. ತೊಟ್ಟಿ, ಎರಡು ಗಂಟೆ, ನೀಲಿ ತುಟಿ, ಕಾಲು, ಎದೆ. ಹುಡುಗನ ಕಣ್ಣೂ ಹಳದಿ ಇತ್ತು ಎನ್ನುವುದನ್ನೂ, ಅವನೂ ಕೂಸಾಗಿದ್ದಾಗ ಕೈ ಊದಿಸಿಕೊಳ್ಳುತ್ತಿದ್ದ ಎನ್ನುವುದನ್ನೂ ಹೇಳಿದಳು. ಗಂಡ ಅಂದ ಮಾತನ್ನು ಮಾತ್ರ ಬಿಟ್ಟಳು.

"ಅವನಿಗೂ ಇದೇ ಇತ್ತಾ?"

"ಪರೀಕ್ಷೆ ಮಾಡದೆ ಖಂಡಿತ ಅನ್ನೋಕಾಗಲ್ಲ. ಆದ್ರೆ ನೀವು ಹೇಳೋದು ಕೇಳಿದ್ರೆ ಇದೇ ಇರಬೇಕು ಅನ್ಸುತ್ತೆ."

"ಹಾಗಾದ್ರೆ ನೀರಿಂದ ಆಗಲಿಲ್ಲ."

ಡಾಕ್ಟರು ಪೆನ್ನನ್ನು ಮೇಜಿನ ಮೇಲಿಟ್ಟಳು.

"ಸಮಾಧಾನಕ್ಕೆ ಏನೋ ಒಂದು ಹೇಳಬೇಡಿ," ಎಂದಳು ಅಜ್ಜಿ. "ಅಂಥದ್ದು ಹೇಳೋರು ಮನೇಲೇ ಬೇಕಾದಷ್ಟು ಜನ ಇದ್ದಾರೆ."

"ತಣ್ಣೀರಲ್ಲಿ ಬಹಳ ಹೊತ್ತು ಇದ್ರೆ ನೋವು ಶುರುವಾಗಬಹುದು ಅಜ್ಜಿ. ಅವತ್ತು ಹಾಗೆ ಶುರುವಾಗಿರಬಹುದು. ಇವಳಿಗೆ ಓಟದಿಂದ, ಬಿಸಿಲಿಂದ ಶುರುವಾಯ್ತು. ಎಷ್ಟೋ ಸಲ ಏನೂ ಇಲ್ಲದೇನೂ ಬರುತ್ತೆ. ನೀರು ಬರೀ ಒಂದು ನೆಪ. ರೋಗ ಮೊದಲೇ ಇತ್ತು. ಆಗ ಅದರ ಹೆಸರು ನಿಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿಳಿದಿದ್ದು ಬಿಟ್ಟಿದ್ರೆ ಅದು ತಪ್ಪು. ನೀವು ಮಗು ನಗ್ತಿದೆ ಅಂತ ಬಿಟ್ರಿ."

ಅಜ್ಜಿ ತಲೆಯಾಡಿಸಿದಳು. ಪೂರ್ತಿ ಬಿಡುಗಡೆಯಲ್ಲ ಅದು. ಆದರೆ ಅಳತೆ ಸರಿಯಾಗಿತ್ತು. ಅವಳ ಹೆಗಲಿಗೆ ಎಷ್ಟು ಬರಬೇಕೋ ಅಷ್ಟೇ ಬಂದಿತ್ತು.

*

ಅಜ್ಜಿಯ ರಕ್ತವನ್ನೂ ತೆಗೆದುಕೊಂಡರು. ಎರಡು ದಿನಕ್ಕೆ ಚೀಟಿ ಬಂತು: ಅವಳಲ್ಲೂ ಒಂದು ಕೆಟ್ಟ ಪಾಲು ಇತ್ತು. ಡಾಕ್ಟರು ದೊಡ್ಡ ಹಾಳೆಯ ಮೇಲೆ ಮನೆತನದ ನಕ್ಷೆ ಬರೆಯುತ್ತಾ, ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕುತ್ತಾ ಕೇಳಿದಳು: "ಯಜಮಾನರ ರಕ್ತ ಈಗ ಸಿಗಲ್ಲ. ಅವರ ಒಡಹುಟ್ಟಿದವರು ಯಾರಾದ್ರೂ ಇದ್ದಾರಾ?"

"ಒಬ್ಬಳು ತಂಗಿ."

"ಅವರ ಮನೇಲಿ ಮದುವೆ ವಯಸ್ಸಿನವರು?"

ಇದ್ದಳು. ನಾದಿನಿಯ ಮಗನ ಮಗಳು, ಇಪ್ಪತ್ತು ವರ್ಷದವಳು. ಮೂರು ತಿಂಗಳಲ್ಲಿ ಮದುವೆ. ಮದುಮಗನ ಕೋಟು ಅಜ್ಜಿಯ ಅಂಗಡಿಗೇ ಹೊಲಿಯಲು ಬಂದಿತ್ತು.

"ಹಾಗಾದ್ರೆ ತಿಳಿಸಬೇಕು," ಎಂದಳು ಡಾಕ್ಟರು. "ಹುಡುಗ ಹುಡುಗಿ ಇಬ್ಬರೂ ಒಂದು ಪರೀಕ್ಷೆ ಮಾಡಿಸ್ಕೊಳ್ಳಲಿ. ಅಷ್ಟೇ."

ಅಷ್ಟೇ ಎಂದರೆ ಅಷ್ಟೇ ಆಗುತ್ತದೆಯೇ. ಅಜ್ಜಿ ಒಂದು ವಾರ ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದಳು. ಪಿಟೀಲು ಮನೆಗೆ ಬಂದಳು. ಅಳಿಯ ಮೆಟ್ಟಿಲ ನಡುವೆ, ಅವಳು ಯಾವಾಗಲೂ ಕೂರುವ ಜಾಗದಲ್ಲಿ, ಗೋಡೆಗೆ ಒಂದು ಹಲಗೆ ಕೂರಿಸಿದ. ಮಗಳು ಹಾಸಿಗೆಗೆ ರಬ್ಬರ್ ಶೀಟು ತಂದು, ಏನೂ ಮಾತಾಡದೆ ಹಾಸಿದಳು. ಅಜ್ಜಿ ಮಾತ್ರ ಕಾಜಾ ಹಾಕುತ್ತಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು: ನಾದಿನಿಯ ಬಳಿ ಹೋಗಬೇಕೆಂದಿರುವುದು ಆ ಹುಡುಗಿಯ ಒಳ್ಳೆಯದಕ್ಕೋ, ಅಥವಾ ನಾದಿನಿಯ ರಕ್ತದಲ್ಲೂ ಇದೆ ಎಂಬ ಒಂದು ಚೀಟಿ ತನ್ನ ಕೈಗೆ ಬೇಕೆಂದೋ? ಎಷ್ಟು ಬಗೆದು ನೋಡಿದರೂ ಎರಡನ್ನೂ ಬೇರೆಬೇರೆ ಮಾಡಲಾಗಲಿಲ್ಲ. ಎರಡೂ ಇರಲಿ, ಹೋಗುವುದಂತೂ ಹೋಗಬೇಕು ಎಂದು ಎದ್ದಳು.

ನಾದಿನಿ ಸ್ಕೂಲೊಂದರ ಎದುರಿಗೆ ಸ್ಟೇಷನರಿ ಅಂಗಡಿ ಇಟ್ಟಿದ್ದಳು. ಅಜ್ಜಿ ಹೋದಾಗ ಬೆಳಗಿನ ಹನ್ನೊಂದು ಗಂಟೆ, ಗಿರಾಕಿ ಯಾರೂ ಇರಲಿಲ್ಲ. ಮೊಮ್ಮಗಳು ಒಳಗಿನ ಕಪಾಟಿನಲ್ಲಿ ನೋಟ್‌ಬುಕ್ಕುಗಳನ್ನು ಜೋಡಿಸುತ್ತಿದ್ದಳು.

"ಏನತ್ತಿಗೆ, ಇಷ್ಟು ದೂರ? ಕೋಟು ರೆಡಿ ಆಯ್ತಾ?"

"ಕೋಟಿನ ವಿಷಯ ಅಲ್ಲ," ಎಂದು ಅಜ್ಜಿ ನಿಂತೇ ಹೇಳಿದಳು. ಪಿಟೀಲಿನ ರೋಗ, ಅದು ಬರುವ ರೀತಿ, ಮಾಡಿಸಬೇಕಾದ ಪರೀಕ್ಷೆ. ತನ್ನ ಮಗನ ಹೆಸರೆತ್ತಬಾರದು ಎಂದುಕೊಂಡು ಬಂದಿದ್ದವಳು ಕೊನೆಗೆ ಎತ್ತಿಯೇಬಿಟ್ಟಳು. "ನನ್ನ ಹುಡುಗನಿಗೂ ಇದೇ ಇದ್ದಿರಬೇಕು ಅಂದ್ರು. ನನ್ನಿಂದ ಒಂದು ಪಾಲು, ನಿಮ್ಮಣ್ಣನಿಂದ ಒಂದು ಪಾಲು."

ನಾದಿನಿ ರಬ್ಬರುಗಳ ಡಬ್ಬಿಯನ್ನು ಇತ್ತಿಂದತ್ತ ಸರಿಸಿದಳು. "ನಮ್ಮಣ್ಣ ಕಲ್ಲಿನ ಹಾಗಿದ್ದ. ಅವನ ರಕ್ತದಲ್ಲಿ ಏನಿತ್ತು ಅಂತ ಈಗ ಯಾರು ಕಂಡೋರು?"

"ಅದಕ್ಕೇ ನಿನ್ನ ರಕ್ತ ನೋಡಬೇಕಂತೆ."

"ಓಹೋ. ಇಷ್ಟು ವರ್ಷ ಆದ್ಮೇಲೆ ಪಾಲು ಹಂಚೋಕೆ ಬಂದ್ರಾ? ಮಾಡಿದ್ದು ನೀವು, ಪಾಲು ನಮಗೂ?" ಅವಳು ಒಳಗಿನ ಕಪಾಟಿನ ಕಡೆ ಕಣ್ಣು ಹಾಯಿಸಿದಳು. "ಮದುವೆ ಗೊತ್ತಾಗಿರೋ ಹುಡುಗಿ ಇರೋ ಮನೆ ಇದು. ರೋಗ ಗೀಗ ಅಂತ ಯಾರ ಕಿವಿಗಾದ್ರೂ ಬಿದ್ರೆ? ಹೋಗಿ ಅತ್ತಿಗೆ. ದಯವಿಟ್ಟು ಹೋಗಿ."

ಅಜ್ಜಿಗೆ ಉತ್ತರ ಗೊತ್ತಿತ್ತು. ಮೂವತ್ತೆಂಟು ವರ್ಷ ಅರೆದು ಹದ ಮಾಡಿಟ್ಟ ಉತ್ತರಗಳು ನಾಲಿಗೆಯ ತುದಿಗೆ ಬಂದವು. ಕಪಾಟಿನ ಬಳಿ ನೋಟ್‌ಬುಕ್ ಹಿಡಿದು ಕಲ್ಲಾಗಿ ನಿಂತಿದ್ದ ಹುಡುಗಿಯನ್ನು ನೋಡಿ ಅವನ್ನೆಲ್ಲ ನುಂಗಿಕೊಂಡಳು. ಆಸ್ಪತ್ರೆಯ ಚೀಟಿಯನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಟುಬಂದಳು.

ಹತ್ತನೆಯ ದಿನ ಆ ಹುಡುಗಿ ಟೈಲರ್ ಅಂಗಡಿಗೆ ಬಂದಳು. ಕೋಟು ನೋಡುವ ನೆಪ. ಅಜ್ಜಿಯ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, "ದೊಡ್ಡಜ್ಜಿ, ನಾನು ಪರೀಕ್ಷೆ ಮಾಡಿಸಿದೆ. ಅಪ್ಪನಿಗೂ ಮಾಡಿಸಿದೆ. ಇಬ್ಬರಿಗೂ ಒಂದು ಪಾಲಿದೆ," ಎಂದಳು.

ಅಜ್ಜಿಯ ಸೂಜಿ ನಿಂತಿತು. "ಆ ಹುಡುಗನಿಗೆ ಹೇಳಿದ್ಯಾ?"

"ಹೇಳಿದೆ. ಮೂರು ದಿನ ಫೋನ್ ಎತ್ತಲಿಲ್ಲ. ನಿನ್ನೆ ಅವನೇ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ನಾಳಿದ್ದು ಗೊತ್ತಾಗುತ್ತೆ." ಕೋಟಿನ ತೋಳು ಸವರುತ್ತಾ ಅಂದಳು: "ನಮ್ಮಜ್ಜಿ ಮಾತ್ರ ಬರಲ್ಲ ಅಂತಾರೆ. ಅನ್ನ ಕೂಡ ಸರಿಯಾಗಿ ತಿಂತಿಲ್ಲ."

ಆದರೆ ವರದಿಯ ದಿನ ನಾದಿನಿ ಬಂದಿದ್ದಳು. ಅವತ್ತೇ ಪಿಟೀಲಿನ ತಪಾಸಣೆಯೂ ಇದ್ದುದರಿಂದ ಅಜ್ಜಿ ಆಸ್ಪತ್ರೆಯ ಓಣಿಯ ಬೆಂಚಿನಲ್ಲಿ ಕೂತಿದ್ದಳು. ನಾದಿನಿ ಬಂದು ಒಂದು ಮೊಳ ಬಿಟ್ಟು ಕೂತಳು. ಮೊಳಕೈಯ ಒಳಭಾಗದಲ್ಲಿ ಹತ್ತಿ ಒತ್ತಿಕೊಂಡಿದ್ದಳು, ರಕ್ತ ಕೊಟ್ಟು ಬಂದ ಗುರುತು.

"ಹುಡುಗನಿಗೆ ಇಲ್ಲವಂತೆ," ಎಂದಳು. "ಮದುವೆ ನಡೆಯುತ್ತೆ. ಹುಟ್ಟೋ ಮಕ್ಕಳಿಗೆ ಈ ರೋಗ ಬರಲ್ಲ ಅಂದ್ರು."

"ಒಳ್ಳೇದಾಯ್ತು," ಎಂದಳು ಅಜ್ಜಿ. ಮನಸ್ಸಿನಿಂದಲೇ ಅಂದಳು.

"ಮಗನಿಗೆ ಇದ್ಮೇಲೆ ನನಗೂ ಇರಬೇಕು. ಅಣ್ಣನಿಗೂ ಇತ್ತು ಅಂತಾಯ್ತು." ನಾದಿನಿ ಎದುರುಗೋಡೆಯ ಕಡೆ ನೋಡುತ್ತಲೇ ಮಾತಾಡುತ್ತಿದ್ದಳು. "ಅತ್ತಿಗೆ, ಅವತ್ತು ನಾನು ನಿಮ್ಮನೆಗೆ ಬಂದಿದ್ದೆನಲ್ಲ, ನೀವು ಮಾಳಿಗೆ ಮೇಲಿದ್ರಿ. ಸೆಕೆ ಸೆಕೆ ಅಂತ ನನ್ನ ಸೆರಗು ಹಿಡ್ಕೊಂಡು ಬಿಡಲೇ ಇಲ್ಲ ಅವನು. ತೊಟ್ಟಿಗೆ ಇಳಿಸಿದ್ದು ನಾನು."

ಓಣಿಯಲ್ಲಿ ಯಾರದೋ ಹೆಸರು ಕೂಗಿದರು. ತಳ್ಳುಗಾಡಿಯೊಂದು ಹಾದುಹೋಯಿತು.

"ಇಳಿಸಿ ನಾನು ಹಾಲು ತರೋಕೆ ಹೋದೆ. ಆಮೇಲೆ ಅಣ್ಣ ನಿಮಗೆ ಹಾಗಂದಾಗ ಬಾಯಿ ಬರಲಿಲ್ಲ. ಇಪ್ಪತ್ತೆರಡು ವರ್ಷ ನನಗೆ. ಒಂದು ದಿನ ಹೇಳಲಿಲ್ಲ, ಆಮೇಲೆ ಹೇಳೋಕೇ ಆಗಲಿಲ್ಲ. ಯಾರಾದ್ರೂ ಕೇಳಿಬಿಟ್ರೆ ಅಂತ ನಾನೇ ಮೊದಲು ನಿಮ್ಮನ್ನ ಆಡ್ಕೊಳ್ತಿದ್ದೆ."

ಅಜ್ಜಿಗೆ ಸಿಟ್ಟು ಬಂತು. ಎದ್ದು ಹೋಗಿಬಿಡಬೇಕೆನ್ನಿಸಿತು. ಎಷ್ಟು ಮನೆಗಳಲ್ಲಿ ಎಷ್ಟು ಮಕ್ಕಳನ್ನು ಕೈಯಿಂದ ವಾಪಸ್ ಕೊಟ್ಟಿದ್ದಳು ಅವಳು. ಎದ್ದೂ ನಿಂತಳು. ಓಣಿಯ ಕೊನೆಯವರೆಗೆ ನಡೆದು, ಅಲ್ಲಿದ್ದ ನಲ್ಲಿಯಲ್ಲಿ ನೀರು ಕುಡಿದು, ತುಂಬಾ ಹೊತ್ತು ಕಿಟಕಿಯಾಚೆ ನಿಲ್ಲಿಸಿದ್ದ ಆಂಬುಲೆನ್ಸ್ ತೊಳೆಯುವವನನ್ನು ನೋಡುತ್ತಾ ನಿಂತಳು. ತಿರುಗಿ ಬಂದಾಗ ನಾದಿನಿ ಅದೇ ಭಂಗಿಯಲ್ಲಿ, ಹತ್ತಿ ಒತ್ತಿಕೊಂಡೇ ಕೂತಿದ್ದಳು. ರಕ್ತ ಎಂದೋ ನಿಂತಿತ್ತು.

"ಅವನೇ ಹಟ ಮಾಡಿರ್ತಾನೆ ಬಿಡು," ಎಂದಳು ಅಜ್ಜಿ. "ನೀರು ಕಂಡ್ರೆ ಕೇಳ್ತಿರಲಿಲ್ಲ." ಕೂತಳು. ನಾದಿನಿ ಅತ್ತಳು, ಅಜ್ಜಿ ಅಳಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ. ಅದು ಅಷ್ಟು ಬೇಗ ಆಗುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೆ ಪಿಟೀಲಿನ ಸರದಿ ಬರುವವರೆಗೂ ಇಬ್ಬರೂ ಆ ಹುಡುಗನ ಬಗ್ಗೆಯೇ ಮಾತಾಡಿದರು. ಎಡಗೈಯಲ್ಲಿ ಬರೆಯುತ್ತಿದ್ದನಲ್ಲ ಎಂದಳು ನಾದಿನಿ. ಅದನ್ನು ಅಜ್ಜಿ ಮರೆತೇಬಿಟ್ಟಿದ್ದಳು.

*

ಮದುವೆ ನಡೆಯಿತು. ನಾದಿನಿ ಈಗ ಪೆನ್ಸಿಲ್ ಕೊಳ್ಳಲು ಬಂದವರನ್ನೂ ರಕ್ತಪರೀಕ್ಷೆ ಆಯಿತೇ ಎಂದು ವಿಚಾರಿಸುತ್ತಾಳೆ, ಗಿರಾಕಿಗಳಿಗೆ ಅದೊಂದು ತಲೆನೋವಾಗಿದೆ. ಸ್ಕೂಲಿನಲ್ಲಿ ಪಿಟೀಲಿಗೆ ಮೇಜಿನ ಮೇಲೆ ನೀರಿನ ಬಾಟಲಿ ಇಡಲು, ಬೇಕೆಂದಾಗ ಎದ್ದು ಹೊರಗೆ ಹೋಗಲು ಅನುಮತಿ ಸಿಕ್ಕಿದೆ. ಟೀಚರು ಮನೆಗೆ ಬಂದು ಅಜ್ಜಿಯ ಕೈ ಹಿಡಿದುಕೊಂಡು, ತಿಳಿಯದೆ ಅಂದೆ ಎಂದರು. ನಾವೂ ಅಂದವರೇ ಎಂದಳು ಅಜ್ಜಿ.

ರೋಗವೇನೂ ಬಿಟ್ಟುಹೋಗಲಿಲ್ಲ. ಚಳಿಗಾಲದಲ್ಲಿ ಮತ್ತೊಂದು ಸಲ ನೋವು ಬಂತು, ಬೆನ್ನಿಗೆ. ಆದರೆ ಈ ಸಲ ಯಾರೂ ಬೈಯುತ್ತಾ ಹೊತ್ತು ಕಳೆಯಲಿಲ್ಲ. ಒಂದು ಗಂಟೆಯೊಳಗೆ ಡ್ರಿಪ್ ಏರಿತ್ತು, ನಾಲ್ಕು ದಿನಕ್ಕೆ ಮನೆಗೆ ಬಂದರು. ಮುಂದೆ ಏನೇನು ಕಾದಿದೆಯೋ ಎಂದು ಮಗಳು ಒಮ್ಮೊಮ್ಮೆ ಹುಡುಗಿ ಮಲಗಿದ್ದಾಗ ಉಸಿರು ಎಣಿಸುತ್ತಾಳೆ.

ತಲೆಯ ಸ್ಕ್ಯಾನಿಗೆ ಹೋಗುವ ದಿನ ಅಜ್ಜಿ, ಮೊಮ್ಮಗಳು ಬಸ್ಸಿನಲ್ಲಿ ಕೂತಿದ್ದರು.

"ಅಜ್ಜಿ, ಆ ಮಾಮ ಬಸ್ಸಲ್ಲಿ ಹೋಗಿದ್ನಾ?" ಎಂದು ಪಿಟೀಲು ಕೇಳಿದಳು. ಈಗೀಗ ಅವಳು ತೀರಿಹೋದ ಆ ಮಾಮನ ಬಗ್ಗೆ ಹೀಗೇ, ಪಕ್ಕದ ಬೀದಿಯಲ್ಲಿರುವವನ ಬಗ್ಗೆ ಕೇಳಿದಂತೆ ಕೇಳುತ್ತಿದ್ದಳು.

"ಹೋಗಿದ್ನಾ ಅಂದ್ರೆ? ಡ್ರೈವರ್ ಹಿಂದಿನ ಸೀಟೇ ಆಗಬೇಕು ಅವನಿಗೆ. ಅದು ಖಾಲಿ ಇಲ್ಲದಿದ್ರೆ ಮುಂದಿನ ಬಸ್ಸಿಗೆ ಕಾಯಬೇಕು. ಒಂದು ಸಲ ಮೂರು ಬಸ್ಸು ಬಿಟ್ವಿ, ಮಳೆ ಬೇರೆ."

"ನೀನು ಬೈಲಿಲ್ವಾ?"

"ಬೈದೆ. ಬೈದು ಕಾದೆ."

ಪಿಟೀಲು ಆ ಬಗ್ಗೆ ಸ್ವಲ್ಪ ಯೋಚಿಸಿ, ಇನ್ನೂ ಹೇಳು ಎಂದಳು. ಅಜ್ಜಿ ಹೇಳುತ್ತಾ ಹೋದಳು. ಕಂಡಕ್ಟರು ಆಸ್ಪತ್ರೆ ಸ್ಟಾಪು ಎಂದು ಎರಡನೆಯ ಸಲ ಕೂಗಿದಾಗಲೇ ಇಬ್ಬರೂ ಎದ್ದದ್ದು.